ಲೂನ್ ನೋಡುವವಳಿಗೆ ಒಂದು ಕಿವಿಮಾತು

ನೋಡಮ್ಮ, ಮಿನ್ನೆಸೋಟಾದ ಕೆರೆಯಲ್ಲಿ ಕಂಡ ಹಕ್ಕಿ ಲೂನ್ ಹೌದೋ ಅಲ್ಲವೋ ಎಂದು ಕೇಳಿದ್ದೀಯಲ್ಲ, ಮೊದಲು ಬಣ್ಣ ಮರೆತುಬಿಡು. ಪುಸ್ತಕದಲ್ಲಿರುವ ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ಮೇಲಿನ ಬಿಳಿ ಚೌಕುಳಿ ಎಲ್ಲ ಬೇಸಿಗೆಯ ಉಡುಗೆ. ಚಳಿಗಾಲಕ್ಕೆ ಕಡಲತೀರ ಸೇರುವ ಹೊತ್ತಿಗೆ ಬೆನ್ನು ಬೂದಾಗಿ ಕತ್ತು ಬೆಳ್ಳಗಾಗಿರುತ್ತದೆ.

ಕೊಕ್ಕು ನೋಡು, ಕೂರುವ ರೀತಿ ನೋಡು. ಲೂನ್ ನೀರಿನಲ್ಲಿ ತಗ್ಗಿ ತೇಲುತ್ತದೆ. ಕೊಕ್ಕು ದಪ್ಪ, ನೇರ, ತುದಿ ಚೂಪು. ತುದಿ ಕೊಕ್ಕೆಯಾಗಿದ್ದು, ಮೂತಿ ಮೇಲೆತ್ತಿಕೊಂಡು ಈಜುತ್ತಿದ್ದರೆ ಅದು ನಮ್ಮೂರ ನೀರುಕಾಗೆಯ ನೆಂಟ. ಬಂಡೆಯ ಮೇಲೆ ಒದ್ದೆ ಬಟ್ಟೆ ಹರವಿದ ಹಾಗೆ ರೆಕ್ಕೆ ಬಿಚ್ಚಿ ನಿಲ್ಲುವುದೂ ಅದೇ. ಲೂನ್‌ಗೆ ಹಾಗೆ ನಿಲ್ಲಲಾಗದು. ಅದರ ಕಾಲುಗಳು ಮೈಯ ತೀರಾ ಹಿಂಬದಿಗಿವೆ. ಮುಳುಗಿ ಮೀನು ಅಟ್ಟಲು ಹೇಳಿ ಮಾಡಿಸಿದಂಥವು, ನಡೆಯಲು ಒದಗವು. ಅದಕ್ಕೇ ಗೂಡು ನೀರಂಚಿನಲ್ಲೇ. ಮೂಳೆಗಳೂ ಬೇರೆ ಹಕ್ಕಿಗಳಷ್ಟು ಟೊಳ್ಳಲ್ಲ. ಗರಿಗಳ ನಡುವಿನ ಗಾಳಿ ಹಿಂಡಿ, ಸದ್ದಿಲ್ಲದೆ ಇಳಿದುಬಿಡುತ್ತದೆ. ಮುಳುಗಿದ ಜಾಗವನ್ನೇ ದಿಟ್ಟಿಸಬೇಡ, ಸುತ್ತ ಕಣ್ಣಾಡಿಸು, ಏಳುವುದು ಬೇರೆಲ್ಲೋ.

ಈ ಭಾರದ ಮೈ ಹಾರಬೇಕಾದರೆ ನೀರಿನ ಮೇಲೆ ಬಹುದೂರ ಓಡಬೇಕು. ಮಳೆಗೆ ಹೊಳೆಯುವ ಪಾರ್ಕಿಂಗ್ ಜಾಗವನ್ನು ಕೆರೆ ಎಂದುಕೊಂಡು ಇಳಿದರೆ ಅಲ್ಲೇ ಸಿಕ್ಕಿಬಿದ್ದಂತೆ. ಅಂಥದ್ದು ಕಂಡರೆ ನೀನು ಹಿಡಿಯಲು ಹೋಗಬೇಡ, ಆ ಕೊಕ್ಕಿನ ಏಟು ಸಾಮಾನ್ಯವಲ್ಲ. ವನ್ಯಜೀವಿ ರಕ್ಷಕರಿಗೆ ಫೋನ್ ಮಾಡು.

ದನಿಯಿಂದಲೂ ಗುರುತಿಸಬಹುದು. ರಾತ್ರಿ ಉದ್ದಕ್ಕೆ ಎಳೆದು ಕೂಗಿದರೆ ಜೊತೆಗಾರನನ್ನು ಕರೆಯುತ್ತಿದೆ ಎಂದು ತಿಳಿ. ನಡುಗುವ ನಗುವಿನಂಥ ದನಿ ಬಂದರೆ ಖುಷಿ ಎಂದುಕೊಳ್ಳಬೇಡ, ಅದು ಗಾಬರಿ. ಬೆನ್ನ ಮೇಲೆ ಮರಿ ಹೊತ್ತ ಲೂನ್ ಕಂಡಾಗ ಫೋಟೋ ಆಸೆಗೆ ದೋಣಿ ಹತ್ತಿರ ಒಯ್ಯಬೇಡ. ಆ ದನಿ ಕೇಳಿಸಿದರೆ ಹಿಂದೆ ಸರಿ.

1961ರಿಂದ ಲೂನ್ ಮಿನ್ನೆಸೋಟಾದ ರಾಜ್ಯಪಕ್ಷಿ. ಕೆನಡಾದ ಒಂದು ಡಾಲರ್ ನಾಣ್ಯದ ಮೇಲೂ 1987ರಿಂದ ಇದೆ. ಇಷ್ಟು ಮರ್ಯಾದೆ ಇದ್ದರೂ ಕೆಲವು ಸಾಯುವುದು ಗಾಳಕ್ಕೆ ಕಟ್ಟುವ ಸಣ್ಣದೊಂದು ಸೀಸದ ಗುಂಡಿನಿಂದ. ತಿಂದದ್ದನ್ನು ಹೊಟ್ಟೆಯಲ್ಲಿ ಅರೆಯಲು ಲೂನ್ ಕೆರೆತಳದ ಕಲ್ಲು ನುಂಗುತ್ತದೆ. ಗಾಳದಿಂದ ಕಳಚಿಬಿದ್ದ ಸೀಸವೂ ಅದರೊಡನೆ ಒಳಗೆ ಹೋಗಿ ವಿಷವಾಗುತ್ತದೆ. ಮೀನು ಹಿಡಿಯುವ ಗೆಳೆಯರಿದ್ದಾರೆ ಅಂದೆಯಲ್ಲ, ಗಾಳಕ್ಕೆ ತವರದ ಗುಂಡು ಕಟ್ಟಲು ಹೇಳು. ಅಂಗಡಿಯಲ್ಲಿ ಅದೂ ಸಿಗುತ್ತದೆ.