ತಾಳಗುಂದದ ಕೆರೆ

ನವರಾತ್ರಿಯ ದಿನಗಳಲ್ಲಿ ಗ್ರಂಥವನ್ನೂ ಆಯುಧವನ್ನೂ ಪೂಜಿಸುವ ನಾವು, ಇವೆರಡರ ಮಹಿಮೆಯನ್ನೂ ಕಂಡ ಪುಟ್ಟ ಗ್ರಾಮವೊಂದನ್ನು ಸ್ಮರಿಸುವುದು ಉಚಿತವಾಗಿದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿರುವ ತಾಳಗುಂದವೇ ಆ ಗ್ರಾಮ. ಸ್ಥಾನಕುಂದೂರು ಎಂಬುದು ಅದರ ಪ್ರಾಚೀನ ನಾಮ.

ಈ ಅಗ್ರಹಾರದ ಆದಿಚರಿತ್ರೆಯನ್ನು ನಮಗೆ ತಿಳಿಸುವುದು ಪ್ರಣವೇಶ್ವರ ದೇವಾಲಯದ ಮುಂದಿರುವ ಶಿಲಾಸ್ತಂಭ. ಕ್ರಿ.ಶ. 5ನೆಯ ಶತಮಾನದಲ್ಲಿ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಅದರ ಸಂಸ್ಕೃತ ಪದ್ಯಗಳನ್ನು ರಚಿಸಿ, ತಾನೇ ಕಲ್ಲಿನಲ್ಲಿ ಕೊರೆದನು. ಶಿವನಿಗೆ ನಮಿಸಿ ಆರಂಭವಾಗುವ ಈ ಶಾಸನ ಹೀಗೆ ತಿಳಿಸುತ್ತದೆ: ವೇದಾಧ್ಯಯನನಿರತವಾದ ಬ್ರಾಹ್ಮಣ ಕುಟುಂಬವೊಂದು ತನ್ನ ಮನೆಯ ಬಳಿಯ ಕದಂಬವೃಕ್ಷವನ್ನು ಆದರದಿಂದ ಪೋಷಿಸುತ್ತಿತ್ತು, ಆ ಮರದ ಹೆಸರೇ ಕುಲಕ್ಕೂ ಬಂದಿತು.

ಆ ಕುಲದ ಮಯೂರಶರ್ಮನು ಗುರು ವೀರಶರ್ಮನೊಡನೆ ಉನ್ನತ ವ್ಯಾಸಂಗಕ್ಕಾಗಿ ಕಾಂಚಿಯ ಘಟಿಕೆಗೆ ತೆರಳಿದನು. ವಿದ್ಯೆಗಾಗಿ ಊರು ಬಿಟ್ಟು ಪರನಾಡಿನ ಮಹಾನಗರವನ್ನು ಸೇರಿದ ತರುಣನ ಈ ಪಯಣ ನಮಗೆ ಅಪರಿಚಿತವಲ್ಲ. ಅಲ್ಲಿ ಪಲ್ಲವರ ಅಶ್ವಸೈನಿಕನೊಡನೆ ಉಂಟಾದ ಕಲಹದಿಂದ ಅಪಮಾನಿತನಾಗಿ, ದರ್ಭೆ ಸಮಿತ್ತುಗಳನ್ನು ಹಿಡಿದ ಕೈಯಿಂದಲೇ ಖಡ್ಗವನ್ನು ಹಿಡಿದನು. ಶ್ರೀಪರ್ವತದವರೆಗಿನ ಅರಣ್ಯವನ್ನು ಆಶ್ರಯಿಸಿ ಹೋರಾಡಿದನು. ಕೊನೆಗೆ ಪಲ್ಲವರೇ ಅವನ ಅಧಿಕಾರವನ್ನು ಮನ್ನಿಸಿದರು. ಬನವಾಸಿಯ ಕದಂಬ ರಾಜ್ಯ ಉದಯಿಸಿದ್ದು ಹೀಗೆ.

ಇಷ್ಟು ಕಥೆಯನ್ನು ನಾವೆಲ್ಲ ಬಲ್ಲೆವು. ಆದರೆ ಆ ಕಂಬವನ್ನು ನಿಲ್ಲಿಸಿದ್ದು ಯಾವ ಕಾರಣಕ್ಕೆ ಎಂಬುದನ್ನು ಮರೆಯುತ್ತೇವೆ. ಶಾಸನದ ಮುಖ್ಯ ವಿಷಯ ಯುದ್ಧವಲ್ಲ, ಒಂದು ಕೆರೆ! ಮಯೂರಶರ್ಮನ ಮರಿಮಗನೂ ಶಾಂತಿವರ್ಮನ ತಂದೆಯೂ ಆದ ಕಾಕುಸ್ಥವರ್ಮನು, ಹಿಂದೆ ಸಾತಕರ್ಣಿಯೇ ಮೊದಲಾದ ಅರಸರು ಪೂಜಿಸಿದ್ದ ಈ ಶಿವಾಲಯದ ಬಳಿ ನೀರಿಗಾಗಿ ಕೆರೆಯನ್ನು ಕಟ್ಟಿಸಿದನು. ಸಿಂಹಾಸನವೇರಿ ತಲೆಮಾರುಗಳು ಕಳೆದರೂ ಪೂರ್ವಜರ ಊರಿನ ದೇವರನ್ನೂ ಅಲ್ಲಿನ ಜನರ ಬಾಯಾರಿಕೆಯನ್ನೂ ಆ ಕುಲ ಮರೆಯಲಿಲ್ಲ. ವಂಶದ ಕೀರ್ತಿಯೆಲ್ಲವೂ ಆ ಕೆರೆಗೆ ಬರೆದ ಪೀಠಿಕೆಯಂತಿದೆ.

ಅಗ್ರಹಾರದ ವಿದ್ಯಾಜ್ಯೋತಿಯೂ ಬಹುಕಾಲ ನಂದಲಿಲ್ಲ. 12ನೆಯ ಶತಮಾನದಲ್ಲಿಯೂ ಇಲ್ಲಿ ವೇದ, ವೇದಾಂತ, ವ್ಯಾಕರಣಗಳ ಬೋಧನೆಗೂ ವಿದ್ಯಾರ್ಥಿಗಳ ಭೋಜನಕ್ಕೂ ದತ್ತಿಗಳಿದ್ದವು. ಅಹಿಚ್ಛತ್ರದಿಂದ ವಿಪ್ರರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದರೆಂಬ ಐತಿಹ್ಯವೂ ಈ ಊರಿನ ನಂತರದ ಶಾಸನಗಳಲ್ಲಿದೆ. ಇತ್ತೀಚೆಗೆ, 2013ರ ಉತ್ಖನನದಲ್ಲಿ, ಈ ದೇವಾಲಯದ ಆವರಣದಲ್ಲಿಯೇ ಸಂಸ್ಕೃತದೊಡನೆ ಕನ್ನಡವೂ ಇರುವ ಸಿಂಹಕಟಾಂಜನದ ಶಾಸನ ದೊರೆಯಿತು. ಅದು ಹಲ್ಮಿಡಿ ಶಾಸನಕ್ಕಿಂತಲೂ ಪ್ರಾಚೀನವೆಂದು ಕೆಲವು ವಿದ್ವಾಂಸರ ಅಭಿಪ್ರಾಯ.

ಊರು ಬಿಟ್ಟು ಬಂದವರಾದ ನಮಗೆ ತಾಳಗುಂದ ಕಲಿಸುವ ಪಾಠ ಸರಳವಾದುದು. ವಿದ್ಯೆಗಾಗಿ, ಜೀವನೋಪಾಯಕ್ಕಾಗಿ ದೂರ ಹೋಗುವುದು ದೋಷವಲ್ಲ, ಮಯೂರಶರ್ಮನೂ ಹೋದವನೇ. ಆದರೆ ಪಡೆದುದರಲ್ಲಿ ಒಂದು ಪಾಲು ಹುಟ್ಟೂರಿಗೆ ನೀರಾಗಿಯೋ ಅಕ್ಷರವಾಗಿಯೋ ಮರಳಬೇಕು. ಪ್ರತಿವರ್ಷವೂ ದಸರೆಗೆ ಊರಿನ ದೇವರಿಗೆ ಕಾಣಿಕೆ ಕಳುಹಿಸುವಾಗ, ಅಲ್ಲಿನ ಹೂಳು ತುಂಬಿದ ಕೆರೆಯನ್ನೂ ಸೋರುವ ಶಾಲೆಯನ್ನೂ ಒಮ್ಮೆ ನೆನೆಯೋಣ. ಪ್ರಣವೇಶ್ವರನು ಅಂತಹ ಸೇವೆಯನ್ನೂ ಪೂಜೆಯೆಂದೇ ಸ್ವೀಕರಿಸುವನು.