ನಾಲ್ಕು ಆಸ್ಪತ್ರೆಗಳಿದ್ದರೂ ಬಿಲ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಮ್ಮ ಊರಿನ ಒಂದೇ ರಸ್ತೆಯಲ್ಲಿ ಈಗ ನಾಲ್ಕು ಖಾಸಗಿ ಆಸ್ಪತ್ರೆಗಳಿವೆ. ಅಂಗಡಿಗಳು ಹೆಚ್ಚಾದರೆ ದರ ಇಳಿಯುತ್ತದೆ. ಆಸ್ಪತ್ರೆಯ ಬಿಲ್ ಮಾತ್ರ ಏರುತ್ತಲೇ ಇದೆಯಲ್ಲ, ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: ಪೈಪೋಟಿಯಿಂದ ದರ ಇಳಿಯಬೇಕಾದರೆ ಕೊಳ್ಳುವವರಿಗೆ ದರ ಮೊದಲೇ ಗೊತ್ತಿರಬೇಕು, ಹೊಂದದಿದ್ದರೆ ಎದ್ದು ಹೋಗುವಂತಿರಬೇಕು. ಎದೆನೋವೆಂದು ನಡುರಾತ್ರಿ ಬಂದ ರೋಗಿಗೆ ಇವೆರಡೂ ಇಲ್ಲ. ಯಾವ ಪರೀಕ್ಷೆ ಬೇಕು, ಎಷ್ಟು ದಿನ ಇರಬೇಕು ಎಂದು ಹೇಳುವವರೂ ಅಲ್ಲಿನ ವೈದ್ಯರೇ. ವೈದ್ಯಕೀಯ ಸೇವೆ ಉಳಿದ ಸರಕುಗಳ ಹಾಗಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರವಾಗಿ ಬರೆದಿದ್ದರು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಹೃದಯಕ್ಕೆ ಹಾಕುವ ಸ್ಟೆಂಟ್ ನೋಡಿ. ದೇಶಿ, ವಿದೇಶಿ ಕಂಪನಿಗಳು ಹಲವಿದ್ದವು, ಪೈಪೋಟಿಗೆ ಕೊರತೆಯಿರಲಿಲ್ಲ. ಆದರೂ ಔಷಧ ಲೇಪಿತ ಸ್ಟೆಂಟಿನ ಸರಾಸರಿ ಎಂ.ಆರ್.ಪಿ. ಸುಮಾರು 1.2 ಲಕ್ಷ ರೂಪಾಯಿ ಇತ್ತು. ಸ್ಟೆಂಟನ್ನು ಆರಿಸುವುದು ಆಸ್ಪತ್ರೆ, ದುಡ್ಡು ಕೊಡುವುದು ರೋಗಿ. ಹಾಗಾಗಿ ಕಂಪನಿಗಳು ಒಲಿಸಿಕೊಳ್ಳಬೇಕಿದ್ದುದು ಆಸ್ಪತ್ರೆಯನ್ನು. ಆಸ್ಪತ್ರೆಗೆ ಬೀಳುವ ದರಕ್ಕೂ ಎಂ.ಆರ್.ಪಿ.ಗೂ ಅಂತರ ಹೆಚ್ಚಿದಷ್ಟೂ ಆಸ್ಪತ್ರೆಗೆ ಲಾಭ. ಎಂ.ಆರ್.ಪಿ. ಏರಿಸುವುದೇ ವ್ಯಾಪಾರ ಗಿಟ್ಟಿಸುವ ದಾರಿಯಾಯಿತು. ಕೊನೆಗೆ 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಿತಿ ಹಾಕಿತು: ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260, ತೆರಿಗೆ ಬೇರೆ. ವರ್ಷಗಟ್ಟಲೆಯ ಪೈಪೋಟಿಯಿಂದ ಆಗದ್ದು ಒಂದು ಆದೇಶದಿಂದ ಆಯಿತು. ಅದಕ್ಕೆ ಮೊದಲು ಸಾಲ ಮಾಡಿ ಲಕ್ಷ ಕಟ್ಟಿದ ಕುಟುಂಬಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗೆಂದು ಪೈಪೋಟಿ ವ್ಯರ್ಥ ಎನ್ನಲಾರೆ. ಅಮೆರಿಕದ ಖಾಸಗಿ ವಿಮೆಯ ಲೆಕ್ಕಗಳನ್ನು ಪರಿಶೀಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೆ. ಒಂದೇ ಆಸ್ಪತ್ರೆಯಿರುವ ಕಡೆ ದರ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಆಸ್ಪತ್ರೆಗಳಿರುವ ಕಡೆಗಿಂತ ಶೇ. 12ರಷ್ಟು ಜಾಸ್ತಿ ಇತ್ತೆಂದು ಅದು ತೋರಿಸಿತು. ಆದರೆ ಅಲ್ಲಿ ಚೌಕಾಸಿಗೆ ಕೂರುವುದು ವಿಮಾ ಕಂಪನಿ. ಈ ಆಸ್ಪತ್ರೆ ಬೇಡ, ಇನ್ನೊಂದಕ್ಕೆ ಹೋಗುತ್ತೇವೆ ಎನ್ನುವ ಬಲ ಅದಕ್ಕಿದೆ. ನಮ್ಮಲ್ಲಿ ಇಂದಿಗೂ ಎಷ್ಟೋ ಜನ ಬಿಲ್ ಕಟ್ಟುವುದು ಸ್ವಂತ ಜೇಬಿನಿಂದ, ಒಬ್ಬೊಬ್ಬರಾಗಿ. ನನ್ನ ಅಭಿಪ್ರಾಯ ಕೇಳಿದರೆ, ಅಂಥವರಿಗೆ ಆ ಬಲ ತುಂಬುವುದು ಒಳ್ಳೆಯ ಸರ್ಕಾರಿ ಆಸ್ಪತ್ರೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇರುವುದರಿಂದ ಹೃದ್ರೋಗಿಗಳಿಗೆ ಹೋಗಲು ಇನ್ನೊಂದು ಬಾಗಿಲಿದೆ. ಕ್ಯಾನ್ಸರ್, ಕಿಡ್ನಿ, ಅಪಘಾತದ ಚಿಕಿತ್ಸೆಗೂ ಇಂಥ ಬಾಗಿಲು ಪ್ರತಿ ಜಿಲ್ಲೆಯಲ್ಲಿ ಬೇಕು.

ತುರ್ತಿಲ್ಲದ ಶಸ್ತ್ರಚಿಕಿತ್ಸೆಯಾದರೆ, ಅಂದರೆ ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಾದರೆ, ಆ ನಾಲ್ಕರಲ್ಲಿ ಎರಡು ಕಡೆಯಾದರೂ ವಿಚಾರಿಸಿ. ಪ್ಯಾಕೇಜಿನಲ್ಲಿ ಏನೇನು ಸೇರಿಲ್ಲ ಎಂಬುದನ್ನು ಬರೆದು ಕೊಡಲು ಹೇಳಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಾಣದಿದ್ದರೆ ಸಂಕೋಚಪಡದೆ ಕೇಳಿ.