ಜೊತೆಗೆ ಕೂತವರು ಮತ್ತು ನಮ್ಮ ಊಟ



ಒಂಟಿಯಾಗಿ ಕಟ್ಟಿದ ಕರು ಹಿಂಡಿಗೆ ಬಾಯಿ ಹಾಕಲು ತಡ ಮಾಡುತ್ತದೆ. ಪಕ್ಕದಲ್ಲಿ ಇನ್ನೊಂದು ಕರು ಇದ್ದರೆ ಅದನ್ನು ನೋಡಿ ಬೇಗ ಕಲಿಯುತ್ತದೆ. ಹಸು ಸಾಕಿದ ಬಹುಮಂದಿ ಕಂಡಿರುವ ಸಂಗತಿ ಇದು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರ ಸುಮಾರಿಗೆ ಇದನ್ನೇ ತೂಕ ಹಾಕಿ ನೋಡಿದರು. ಜೋಡಿಯಾಗಿ ಬೆಳೆದ ಕರುಗಳು ಒಂಟಿ ಕರುಗಳಿಗಿಂತ ಹೆಚ್ಚು ಆಹಾರ ತಿಂದವು, ಹಾಲು ಬಿಡಿಸುವ ಸಮಯದಲ್ಲಿ ಕೂಗಾಡಿದ್ದೂ ಕಡಿಮೆ. ಇದಕ್ಕಿಂತ ಬಹಳ ಹಿಂದೆ, 1929ರಲ್ಲಿ, ಜರ್ಮನಿಯಲ್ಲಿ ಬೇಯರ್ ಎಂಬುವರು ಕೋಳಿಗಳ ಮೇಲೆ ಪ್ರಯೋಗ ಮಾಡಿದ್ದರು. ಹೊಟ್ಟೆ ತುಂಬ ಕಾಳು ತಿಂದು ಸುಮ್ಮನಾದ ಕೋಳಿಯ ಬಳಿ ಹಸಿದ ಕೋಳಿಯೊಂದನ್ನು ಬಿಟ್ಟರೆ, ಮೊದಲಿನ ಕೋಳಿಯೂ ಮತ್ತೆ ಕಾಳು ಹೆಕ್ಕಲು ಶುರು ಮಾಡುತ್ತಿತ್ತು. ಹಸಿವು ಹೊಟ್ಟೆಯಲ್ಲಿ ಮಾತ್ರ ಇರುವುದಿಲ್ಲ, ಪಕ್ಕದವರ ಬಾಯಲ್ಲೂ ಇರುತ್ತದೆ ಎನ್ನೋಣ.

ಕೊಟ್ಟಿಗೆಯಲ್ಲಿ ನಾವು ಒಪ್ಪುವ ಈ ಮಾತು ಮನೆಯೊಳಗೂ ನಿಜ. ಅಮೆರಿಕದ ಸಂಶೋಧಕ ಜಾನ್ ಡಿ ಕ್ಯಾಸ್ಟ್ರೊ ಅವರು ಜನರಿಗೆ ಪುಸ್ತಕ ಕೊಟ್ಟು, ಒಂದು ವಾರ ಕಾಲ ತಿಂದದ್ದನ್ನೆಲ್ಲ, ಜೊತೆಗೆ ಯಾರಿದ್ದರು ಎಂಬುದನ್ನೂ ಸೇರಿಸಿ, ಬರೆದಿಡಲು ಹೇಳಿದರು. 1989ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜೊತೆಯಲ್ಲಿ ಉಂಡ ಊಟ ಒಬ್ಬರೇ ಉಂಡ ಊಟಕ್ಕಿಂತ ಶೇ. 44ರಷ್ಟು ದೊಡ್ಡದಾಗಿತ್ತು. ಇದಕ್ಕೆ ಮುಖ್ಯ ಕಾರಣ, ಜೊತೆಯಿದ್ದಾಗ ಎಲೆಯ ಮುಂದೆ ಹೆಚ್ಚು ಹೊತ್ತು ಕೂತಿರುತ್ತೇವೆ. ಬೀಗರೂಟದಲ್ಲಿ ಮಾತು ಬೆಳೆದಂತೆ ಒಂದು ಮುದ್ದೆ ಎರಡಾಗುವುದನ್ನು ಬಲ್ಲವರಿಗೆ ಇದು ಹೊಸ ಸುದ್ದಿಯೇನಲ್ಲ.

ಆದರೆ ಎಲ್ಲ ಜೊತೆಯೂ ಒಂದೇ ಬಗೆಯದಲ್ಲ. ಒಂದೇ ಗೋದಲಿಯಲ್ಲಿ ಜೋರಿನ ಹಸು ಇದ್ದರೆ ಸಾಧು ಹಸು ಹಿಂದೆ ಸರಿದು ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಮನುಷ್ಯರಲ್ಲೂ ಹಾಗೆಯೇ. ಪರಿಚಯವಿಲ್ಲದವರ ಅಥವಾ ಸಂಕೋಚಪಡುವವರ ಎದುರು ಕೈ ಹಿಂದೆ ಸರಿಯುತ್ತದೆ.

ಮಕ್ಕಳ ವಿಷಯಕ್ಕೆ ಬರೋಣ. ಅಮೆರಿಕದ ಲಿಯಾನ್ ಬರ್ಚ್ ಎಂಬ ವಿಜ್ಞಾನಿ 1980ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ತರಕಾರಿಯನ್ನು ಇಷ್ಟಪಡದ ಶಿಶುವಿಹಾರದ ಮಗುವನ್ನು, ಅದನ್ನೇ ಇಷ್ಟಪಡುವ ಮೂರ್ನಾಲ್ಕು ಮಕ್ಕಳ ಜೊತೆ ಊಟಕ್ಕೆ ಕೂರಿಸಲಾಯಿತು. ಯಾರೂ ಬುದ್ಧಿ ಹೇಳಲಿಲ್ಲ. ನಾಲ್ಕು ದಿನಗಳಲ್ಲಿ ಅನೇಕ ಮಕ್ಕಳು ತಾವಾಗಿಯೇ ಆ ತರಕಾರಿಯನ್ನು ಆರಿಸಿಕೊಳ್ಳತೊಡಗಿದರು. ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭವಾಗಿ ಶಾಲೆಗಳಲ್ಲಿ ಪ್ರತಿ ಮಗುವಿಗೆ 150 ಮಿ.ಲೀ. ಹಾಲು ಕೊಡಲು ಶುರುವಾಯಿತು. ಮನೆಯಲ್ಲಿ ಲೋಟ ಕಂಡರೆ ಓಡುವ ಮಗು ಶಾಲೆಯ ಸಾಲಿನಲ್ಲಿ ಕೂತು ಗಟಗಟನೆ ಕುಡಿಯುವುದಕ್ಕೆ ಅಕ್ಕಪಕ್ಕದ ಲೋಟಗಳೇ ಕಾರಣ.

ಬಲವಂತ ಮಾತ್ರ ಬೇಡ. ಬರ್ಚ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, "ಪೂರ್ತಿ ಮುಗಿಸು" ಎಂದು ಒತ್ತಾಯಿಸಿಕೊಂಡ ಮಕ್ಕಳು ಸೂಪನ್ನು ಕಡಿಮೆ ಕುಡಿದರು, ಬೇಡವೆಂದು ಗೊಣಗಿದ್ದು ಹೆಚ್ಚು. ಅಪ್ಪ ತಟ್ಟೆಯಲ್ಲಿ ಸೊಪ್ಪನ್ನು ಬದಿಗೆ ಸರಿಸಿ ಮಗನಿಗೆ ಸೊಪ್ಪು ತಿನ್ನೆಂದರೆ ನಡೆಯುವ ಮಾತಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೂ ಇದೇ ಲೆಕ್ಕ: ಅವರೊಬ್ಬರಿಗೆ ಪಥ್ಯ, ಉಳಿದವರಿಗೆ ಹೋಳಿಗೆ ಎಂದರೆ ಪಥ್ಯ ಎಷ್ಟು ದಿನ ನಿಂತೀತು?

ಈಗ ಈ ಪಾಠದ ಮುಖ್ಯ ಭಾಗ. ನಮ್ಮ ಮನೆಗಳಲ್ಲಿ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಮೇವು ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಊಟಕ್ಕೆ ಮಾತ್ರ ಅವರು ಕೊನೆಯವರು. ಗಂಡಸರು, ಮಕ್ಕಳು, ಹಿರಿಯರು ಎದ್ದ ಮೇಲೆ ಒಲೆಯ ಹತ್ತಿರ ಒಬ್ಬರೇ ಕೂತು, ಎಷ್ಟೋ ಸಲ ನಿಂತುಕೊಂಡೇ, ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಸಾರಿನಲ್ಲಿದ್ದ ಕಾಳು, ಸೊಪ್ಪು ಮುಗಿದು ತಿಳಿ ಮಾತ್ರ ಉಳಿದಿರುತ್ತದೆ. ಇದರಲ್ಲಿ ಎರಡು ನಷ್ಟಗಳಿವೆ. ಮೊದಲನೆಯದು ಪಾತ್ರೆಯಲ್ಲಿ ಉಳಿದದ್ದು ಕಡಿಮೆ ಎಂಬುದು. ಎರಡನೆಯದು ಯಾರ ಲೆಕ್ಕಕ್ಕೂ ಬರುವುದಿಲ್ಲ: ಒಬ್ಬರೇ ಉಣ್ಣುವವರಿಗೆ "ಇನ್ನೊಂದು ಸೌಟು ಹಾಕಿಕೊ" ಎನ್ನುವವರಿಲ್ಲ, ಆಕೆ ಎಷ್ಟು ಉಂಡಳು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನ ಪಕ್ಕದಲ್ಲಿ ಕೂತ ಹೆಣ್ಣುಮಗು ಅದೇ ಅಳತೆಯನ್ನು ಕಲಿಯುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಗೆ ಕಾರಣಗಳು ಹಲವು, ಕೊನೆಯ ಪಂಕ್ತಿ ಒಂದೇ ಅಲ್ಲ. ಹಾಲಿನಿಂದ ಮಾತ್ರ ಅದು ಸರಿಹೋಗುವುದೂ ಇಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ಕಬ್ಬಿಣಾಂಶ ಇರುವುದು ಕಾಳು, ಸೊಪ್ಪು, ಮಾಂಸಗಳಲ್ಲಿ, ಅಂದರೆ ಕೊನೆಗೆ ಉಣ್ಣುವವರ ತಟ್ಟೆಗೆ ಬಾರದ ಪದಾರ್ಥಗಳಲ್ಲಿಯೇ.

ರಾಜಸ್ಥಾನದ ಬಾನ್ಸವಾಡಾ ಮತ್ತು ಸಿರೋಹಿ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ 2010ರ ದಶಕದಲ್ಲಿ ಸ್ವಸಹಾಯ ಗುಂಪುಗಳ ಮೂಲಕ ಒಂದು ಪ್ರಯತ್ನ ನಡೆಯಿತು. ಪೌಷ್ಟಿಕ ಆಹಾರದ ತಿಳಿವಳಿಕೆಯ ಜೊತೆಗೆ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವಂತೆ ಗಂಡಹೆಂಡಿರಿಬ್ಬರಿಗೂ ತಿಳಿಹೇಳಲಾಯಿತು. ಕೊನೆಯಲ್ಲಿ ವಿಚಾರಿಸಿದಾಗ ಊಟಕ್ಕೆ ಕೊರತೆಯಿಲ್ಲ ಎಂದ ಮಹಿಳೆಯರ ಸಂಖ್ಯೆ ಹೆಚ್ಚಿತ್ತು.

ನಮ್ಮಲ್ಲಿ ಇದಕ್ಕೆ ಬರುವ ಆಕ್ಷೇಪಣೆಯೂ ಗೊತ್ತಿರುವುದೇ: "ಮುದ್ದೆ ಬಿಸಿಯಿರುವಾಗಲೇ ಬಡಿಸಬೇಕು, ಎಲ್ಲರೂ ಕೂತರೆ ಬಡಿಸುವವರು ಯಾರು?" ಮುದ್ದೆಗಳನ್ನು ಒಟ್ಟಿಗೇ ಕಟ್ಟಿ, ಸಾರಿನ ಪಾತ್ರೆಯನ್ನು ನಡುವೆ ಇಟ್ಟು, ಅವರವರೇ ಬಡಿಸಿಕೊಂಡರೆ ಆಯಿತು. ಮಾವನವರ ಎದುರು ಕೂರಲು ಸೊಸೆಗೆ ಸಂಕೋಚವಿರುವ ಮನೆಗಳಲ್ಲಿ ಅತ್ತೆ, ಸೊಸೆ, ಹೆಣ್ಣುಮಕ್ಕಳು ಜೊತೆಯಾಗಿ ಕೂರಲಿ, ಆದರೆ ಅವರ ಪಾಲಿನ ಕಾಳು ಸೊಪ್ಪನ್ನು ಮೊದಲೇ ಬೇರೆ ಪಾತ್ರೆಗೆ ತೆಗೆದಿಟ್ಟಿರಬೇಕು.

ಹಾಲಿನ ವಿಷಯದಲ್ಲೂ ಇದೇ ಕ್ರಮ ಒಳ್ಳೆಯದು. ದಿನಕ್ಕೆ ಒಬ್ಬರಿಗೆ ಸುಮಾರು 300 ಮಿ.ಲೀ. ಹಾಲು ಅಥವಾ ಮೊಸರು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಹಾರ ಮಾರ್ಗಸೂಚಿ ಹೇಳುತ್ತದೆ. ಸಂಘಕ್ಕೆ ಹಾಕಿ ಉಳಿದರೆ ನೋಡೋಣ ಎಂದರೆ ಉಳಿಯುವುದಿಲ್ಲ. ಕರೆದ ತಕ್ಷಣ, ಕ್ಯಾನಿಗೆ ಸುರಿಯುವ ಮುಂಚೆ, ಮನೆಯಲ್ಲಿರುವ ತಲೆಗಳನ್ನು ಎಣಿಸಿ ಅಳೆದು ತೆಗೆದಿಡಬೇಕು. ಎಣಿಸುವಾಗ ಕರೆದವರ ತಲೆಯನ್ನೂ ಸೇರಿಸಿ.